ತೋಳಿಗೆ ಹಾಕುವ ಗರ್ಭನಿರೋಧಕ ಕಡ್ಡಿ: ಎಷ್ಟು ನಂಬಬಹುದು, ಏನೇನು ತೊಂದರೆ ಆಗಬಹುದು

ಹಾಸನ, ಚಿಕ್ಕಮಗಳೂರು ಕಡೆ ಕುಟುಂಬ ಯೋಜನೆ ಅಂದರೆ ಬಹಳ ಜನರ ಮನಸ್ಸಿಗೆ ಮೊದಲು ಬರುವುದು ಎರಡನೇ ಹೆರಿಗೆ ಆದ ಕೂಡಲೇ ಮಾಡಿಸಿಬಿಡುವ ಆಪರೇಷನ್. ರಾಜ್ಯದ ಲೆಕ್ಕವೂ ಹಾಗೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮದುವೆಯಾಗಿ ಒಂದೆರಡು ವರ್ಷ ಮಗು ಬೇಡ ಎನ್ನುವವರು, ಚೊಚ್ಚಲ ಮಗುವಿಗೆ ಮೂರು ವರ್ಷವಾದರೂ ತುಂಬಲಿ ಎನ್ನುವವರು, ಆಪರೇಷನ್‌ಗೆ ಮನಸ್ಸು ಒಪ್ಪದವರು ಇಷ್ಟು ದಿನ ಕಾಪರ್ ಟಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಛಾಯಾ ಅಥವಾ ಮಾಲಾ-ಎನ್ ಮಾತ್ರೆ, ನಿರೋಧ್ ಇವುಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕಿತ್ತು. ಈಗ ಆ ಸಾಲಿಗೆ ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಸೇರಿದೆ. ಕೇಂದ್ರ ಆರೋಗ್ಯ ಇಲಾಖೆ ಇದನ್ನು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಮೊದಲು ಶುರು ಮಾಡಿ, ಹಂತಹಂತವಾಗಿ ಹರಡುವ ದಾರಿ ಹಿಡಿದಿದೆ.

ಗರ್ಭ ತಡೆಯುವ ಕೆಲಸದಲ್ಲಿ ಈ ಕಡ್ಡಿ ಸೋಲುವುದು ತೀರಾ ಅಪರೂಪ. ಆದರೂ ಅವಧಿ ಮುಗಿಯುವ ಮೊದಲೇ ತೆಗೆಸಿಕೊಳ್ಳುವವರು ಇದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರ ಕಾರಣ ಒಂದೇ: ಮುಟ್ಟಿನ ಲೆಕ್ಕ ತಪ್ಪುತ್ತದೆ. ಹಾಕುವ ಮೊದಲು ಹತ್ತು ನಿಮಿಷ ಕೂತು ಅದನ್ನು ಬಿಡಿಸಿ ಹೇಳಿದ್ದರೆ ಅವರಲ್ಲಿ ಎಷ್ಟೋ ಮಂದಿ ಗಾಬರಿಯಾಗುತ್ತಿರಲಿಲ್ಲ, ಇನ್ನು ಕೆಲವರು ಮೊದಲೇ ಬೇರೆ ವಿಧಾನ ಆರಿಸಿಕೊಳ್ಳುತ್ತಿದ್ದರು. ಹಾಗಾಗಿ ಇಲ್ಲಿ ಹೆಚ್ಚು ಜಾಗ ಆ ವಿಷಯಕ್ಕೇ ಕೊಟ್ಟಿದೆ.

ಕಡ್ಡಿಯೊಳಗೆ ಏನಿದೆ

ಇದು 4 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಬಾಗುವ ಪ್ಲಾಸ್ಟಿಕ್ ಕಡ್ಡಿ, ಅಂದಾಜು ಬೆಂಕಿಕಡ್ಡಿಯಷ್ಟು. ಒಳಗೆ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಇರುತ್ತದೆ. ಇದು ಹೆಣ್ಣಿನ ದೇಹ ತಾನೇ ತಯಾರಿಸುವ ಪ್ರೊಜೆಸ್ಟೆರಾನ್‌ಗೆ ಹತ್ತಿರದ ಹಾರ್ಮೋನ್. ಹೆಣ್ಣಿನ ದೇಹದ ಇನ್ನೊಂದು ಹಾರ್ಮೋನ್ ಆದ ಈಸ್ಟ್ರೋಜನ್ ಇದರಲ್ಲಿ ಇಲ್ಲ. ಮಾಲಾ-ಎನ್‌ನಂಥ ಮಾತ್ರೆಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಹಾಕಿದ ಐದಾರು ವಾರದ ಹೊತ್ತಿಗೆ ದಿನಕ್ಕೆ 60ರಿಂದ 70 ಮೈಕ್ರೊಗ್ರಾಂ ಹಾರ್ಮೋನ್ ರಕ್ತಕ್ಕೆ ಸೇರುತ್ತದೆ. ಒಂದು ವರ್ಷ ತುಂಬುವಾಗ ಅದು 35–45ಕ್ಕೆ, ಮೂರನೇ ವರ್ಷದ ಕೊನೆಗೆ 25–30ಕ್ಕೆ ಇಳಿಯುತ್ತದೆ. ಅಷ್ಟು ಕಡಿಮೆ ಪ್ರಮಾಣವೂ ಸಾಕಾಗುತ್ತದೆ. ನಮ್ಮಲ್ಲಿ ಇದರ ಅವಧಿ 3 ವರ್ಷ.

ಮುಖ್ಯ ಕೆಲಸ ಅಂಡಾಶಯದಿಂದ ಅಂಡ ಹೊರಬರದಂತೆ ತಡೆಯುವುದು. ಮೊದಲ ಎರಡು ವರ್ಷ ಅಂಡ ಬಿಡುಗಡೆ ಹೆಚ್ಚುಕಡಿಮೆ ಪೂರ್ತಿ ನಿಲ್ಲುತ್ತದೆ, ಮೂರನೇ ವರ್ಷದಲ್ಲಿ ಎಲ್ಲೋ ಒಮ್ಮೆ ಆಗಬಹುದು. ಅಂಥ ತಿಂಗಳಲ್ಲೂ ಎರಡನೇ ತಡೆ ಇರುತ್ತದೆ: ಗರ್ಭಕೋಶದ ಬಾಯಿಯ ಲೋಳೆ ಗಟ್ಟಿಯಾಗಿ ವೀರ್ಯಾಣು ಒಳಗೆ ಹೋಗಲಾರದು. ಗರ್ಭಕೋಶದ ಒಳಪದರವೂ ತೆಳುವಾಗುತ್ತದೆ. ಮುಟ್ಟಿನ ಏರುಪೇರಿಗೆ ಮೂಲ ಈ ತೆಳುಪದರವೇ.

ಎಷ್ಟು ಪರಿಣಾಮಕಾರಿ

ಒಂದು ವಿಧಾನವನ್ನು 1000 ಹೆಂಗಸರು ಒಂದು ವರ್ಷ ಬಳಸಿದರೆ ಎಷ್ಟು ಮಂದಿ ಬಸಿರಾಗುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ಮರೆವು, ತಡ ಎಲ್ಲ ಸೇರಿದ ದಿನನಿತ್ಯದ ಬಳಕೆಯಲ್ಲಿ, ಅಮೆರಿಕದ ಮಾಹಿತಿ ಆಧರಿಸಿದ ಅಂದಾಜು ಹೀಗಿದೆ: ನಿರೋಧ್‌ಗೆ ಸುಮಾರು 130, ನುಂಗುವ ಮಾತ್ರೆಗೆ 70, ಮೂರು ತಿಂಗಳ ಚುಚ್ಚುಮದ್ದಿಗೆ 40, ಕಾಪರ್ ಟಿಗೆ 8, ಹೆಂಗಸರ ಆಪರೇಷನ್‌ಗೆ 5, ಇಂಪ್ಲಾಂಟ್‌ಗೆ 1. ಅಂದರೆ ಬೇಕೆಂದಾಗ ತೆಗೆಸಿಕೊಳ್ಳಬಹುದಾದ ಈ ಕಡ್ಡಿ ಆಪರೇಷನ್‌ಗಿಂತಲೂ ಬಿಗಿ.

ಮಾತ್ರೆಯಲ್ಲಿರುವ ಔಷಧ ದುರ್ಬಲ ಎಂದು ಇದರ ಅರ್ಥವಲ್ಲ. ಮಾತ್ರೆಯನ್ನು ದಿನಾ ನೆನಪಿಡಬೇಕು, ಅಂತರಾಗೆ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರಬೇಕು. ಕಾಫಿ ಕೊಯ್ಲು ಜೋರಾಗಿರುವ ಡಿಸೆಂಬರ್, ಜನವರಿಯಲ್ಲಿ ಆ ದಿನ ತಪ್ಪುವುದು ಸುಲಭ. ಬಾಣಂತನಕ್ಕೆ ತವರಿಗೆ ಹೋದಾಗ ತಪ್ಪುವುದು ಇನ್ನೂ ಸುಲಭ. ಇಂಪ್ಲಾಂಟ್‌ನಲ್ಲಿ ಬಳಸುವವರು ತಪ್ಪು ಮಾಡಲು ಜಾಗವೇ ಇಲ್ಲ.

ಹಾಗಾದರೆ ಆ ಒಬ್ಬಳು ಯಾಕೆ ಬಸಿರಾಗುತ್ತಾಳೆ? ಇದಕ್ಕೆ ಆಸ್ಟ್ರೇಲಿಯಾದ ದಾಖಲೆ ಒಳ್ಳೆಯ ಉತ್ತರ ಕೊಡುತ್ತದೆ. ಅಲ್ಲಿ 2001ರಲ್ಲಿ ಈ ಕಡ್ಡಿಯ ಹಳೆಯ ಮಾದರಿ ಬಂದ ಮೇಲೆ ಮೊದಲ ಮೂರು ವರ್ಷದಲ್ಲಿ 218 ಬೇಡದ ಬಸಿರುಗಳು ವರದಿಯಾದವು. ಅವುಗಳಲ್ಲಿ 46 ಮಂದಿ ಕಡ್ಡಿ ಹಾಕುವ ಮೊದಲೇ ಬಸಿರಾಗಿದ್ದರು, 45 ಪ್ರಕರಣಗಳಲ್ಲಿ ಸಾಕಷ್ಟು ಮಾಹಿತಿ ಇರಲಿಲ್ಲ. ಉಳಿದ 127ರಲ್ಲಿ 84 ಮಂದಿಯ ತೋಳಿನಲ್ಲಿ ಕಡ್ಡಿಯೇ ಇರಲಿಲ್ಲ! ಸೂಜಿ ಚುಚ್ಚಿದ್ದರು, ಬ್ಯಾಂಡೇಜ್ ಕಟ್ಟಿದ್ದರು, ಕಡ್ಡಿ ಒಳಗೆ ಇಳಿದಿರಲಿಲ್ಲ. 19 ಮಂದಿಗೆ ತಪ್ಪು ದಿನದಲ್ಲಿ ಹಾಕಲಾಗಿತ್ತು, 8 ಮಂದಿ ಹಾರ್ಮೋನನ್ನು ಕರಗಿಸಿಬಿಡುವ ಬೇರೆ ಔಷಧ ತೆಗೆದುಕೊಳ್ಳುತ್ತಿದ್ದರು, 3 ಮಂದಿಯಲ್ಲಿ ಕಡ್ಡಿ ಹೊರಬಿದ್ದಿತ್ತು. ವಿಧಾನವೇ ಸೋತದ್ದು ಎನ್ನಬಹುದಾದವು 13. ಆಮೇಲೆ ಬಂದ ಮಾದರಿಯಲ್ಲಿ ಹಾಕುವ ಉಪಕರಣವನ್ನು ಬದಲಿಸಿದರು, ಎಕ್ಸ್‌ರೇಯಲ್ಲಿ ಕಾಣಲೆಂದು ಕಡ್ಡಿಗೆ ಬೇರಿಯಂ ಸಲ್ಫೇಟ್ ಸೇರಿಸಿದರು.

ಹಾಕುವ ದಿನ

ಮುಟ್ಟಾದ ಮೊದಲ 5 ದಿನದೊಳಗೆ ಹಾಕಿದರೆ ಅಂದಿನಿಂದಲೇ ರಕ್ಷಣೆ. ಬೇರೆ ದಿನವಾದರೆ ಬಸಿರಿಲ್ಲವೆಂದು ಖಚಿತ ಮಾಡಿಕೊಂಡು ಹಾಕಬಹುದು, ಆದರೆ ಮುಂದಿನ 7 ದಿನ ನಿರೋಧ್ ಬೇಕು. ಇಲ್ಲೊಂದು ಎಚ್ಚರ: ಆಶಾ ಕಾರ್ಯಕರ್ತೆ ಕೊಡುವ, ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್‌ನಲ್ಲಿ ಬಸಿರಿಲ್ಲವೆಂದು ತೋರಿಸುವ ಒಂದೇ ಗೆರೆ ಬಂದರೂ, ಕಳೆದ ಎರಡು ಮೂರು ವಾರದಲ್ಲಿ ರಕ್ಷಣೆಯಿಲ್ಲದೆ ಕೂಡಿದ್ದರೆ ತೀರಾ ಎಳೆ ಬಸಿರು ಅದರಲ್ಲಿ ಕಾಣದೆ ಇರಬಹುದು. 3 ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಬೇಕು. ಹೆರಿಗೆಯಾದ ಮೇಲೆ ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲೇ ಹಾಕಿಸಬಹುದು. ಎದೆಹಾಲಿನ ಪ್ರಮಾಣಕ್ಕೂ ಮಗುವಿನ ಬೆಳವಣಿಗೆಗೂ ಇದರಿಂದ ತೊಂದರೆ ಕಂಡುಬಂದಿಲ್ಲ. ಗರ್ಭಪಾತ ಆದವರಿಗೂ ಅಂದೇ ಹಾಕಬಹುದು. ಅಂತರಾ ಪಡೆಯುತ್ತಿದ್ದವರು ಮುಂದಿನ ಚುಚ್ಚುಮದ್ದಿನ ದಿನದೊಳಗೆ ಹಾಕಿಸಿಕೊಂಡರೆ ಮಧ್ಯೆ ಬಿಡುವು ಬೀಳುವುದಿಲ್ಲ.

ಬಲಗೈ ಬಳಸುವವರಿಗೆ ಎಡತೋಳಿಗೆ, ಎಡಗೈಯವರಿಗೆ ಬಲತೋಳಿಗೆ. ಮಲಗಿಸಿ, ಮೊಣಕೈ ಮಡಿಸಿ, ಅಂಗೈಯನ್ನು ತಲೆಯ ಕೆಳಗೆ ಇಡಿಸುತ್ತಾರೆ. ಮೊಣಕೈಯ ಒಳಬದಿಯಲ್ಲಿ ಕೈಗೆ ಸಿಗುವ ಮೂಳೆಯ ಗಂಟಿನಿಂದ 8ರಿಂದ 10 ಸೆಂಟಿಮೀಟರ್ ಮೇಲಕ್ಕೆ ಗುರುತು ಹಾಕಿ, ಅಲ್ಲಿಂದ ತೋಳಿನ ಹಿಂಬದಿಗೆ 3ರಿಂದ 5 ಸೆಂಟಿಮೀಟರ್ ಸರಿದು ಹಾಕಬೇಕು. ಮೊದಲೆಲ್ಲ ಮುಂದಿನ ಮತ್ತು ಹಿಂದಿನ ಸ್ನಾಯುಗಳ ನಡುವಿನ ತಗ್ಗಿನ ಹತ್ತಿರವೇ ಹಾಕುತ್ತಿದ್ದರು. ತೋಳಿನ ದೊಡ್ಡ ರಕ್ತನಾಳಗಳು ಮತ್ತು ನರಗಳು ಆ ತಗ್ಗಿನಲ್ಲೇ ಹಾದುಹೋಗುವುದರಿಂದ ಜಾಗವನ್ನು ಹಿಂದಕ್ಕೆ ಸರಿಸಲಾಗಿದೆ. ಹಳೆಯ ತರಬೇತಿ ಪಡೆದ ವೈದ್ಯರು ಹೊಸ ಗುರುತನ್ನು ಕಲಿತಿರಬೇಕು.

ಚರ್ಮದಡಿ 2 ಮಿಲಿಲೀಟರ್‌ನಷ್ಟು ಲಿಗ್ನೊಕೇನ್ ಕೊಟ್ಟು ಜಾಗವನ್ನು ಮರಗಟ್ಟಿಸುತ್ತಾರೆ. ನೋವು ಆಗುವುದಿದ್ದರೆ ಆ ಚುಚ್ಚಿನದ್ದೇ. ಸೂಜಿಯನ್ನು ಓರೆಯಾಗಿ ತುದಿಯಷ್ಟೇ ಚುಚ್ಚಿ, ಕೂಡಲೇ ಚರ್ಮಕ್ಕೆ ಸಮವಾಗಿ ಮಲಗಿಸಿ, ಚರ್ಮವನ್ನು ಎತ್ತಿ ಹಿಡಿದಂತೆ ಮುಂದಕ್ಕೆ ತಳ್ಳುತ್ತಾರೆ. ಹೀಗೆ ಎತ್ತಿ ಹಿಡಿಯದೆ ತಳ್ಳಿದರೆ ಸೂಜಿ ಕೊಬ್ಬಿಗೆ, ಸ್ನಾಯುವಿಗೆ ಇಳಿಯುತ್ತದೆ. ಆಮೇಲೆ ಬರುವ ಕಷ್ಟಗಳೆಲ್ಲ ಹುಟ್ಟುವುದು ಇಲ್ಲೇ. ಸರಿಯಾಗಿ ಹಾಕಿದರೆ ಕಡ್ಡಿಯ ಎರಡೂ ತುದಿ ಬೆರಳಿಗೆ ಸಿಗಬೇಕು. ವೈದ್ಯರು ಮುಟ್ಟಿ ನೋಡಿದರೆ ಸಾಲದು, ನೀವೇ ಮುಟ್ಟಿ ನೋಡಿ. ಸಿಗದಿದ್ದರೆ ಎದ್ದು ಬರಬೇಡಿ. ಎಕ್ಸ್‌ರೇ ಅಥವಾ ಸ್ಕ್ಯಾನ್‌ನಲ್ಲಿ ಕಾಣುವವರೆಗೆ ಬೇರೆ ರಕ್ಷಣೆ ಇಟ್ಟುಕೊಳ್ಳಬೇಕು.

ಬಿಗಿ ಪಟ್ಟಿಯನ್ನು 24 ಗಂಟೆ, ಒಳಗಿನ ಸಣ್ಣ ಪಟ್ಟಿಯನ್ನು 3ರಿಂದ 5 ದಿನ ಬಿಡಬೇಕು. ಸುತ್ತ ಕಂದುಗಟ್ಟುವುದು, ತುಸು ಊತ ಸಹಜ. ಮಳೆಗಾಲದಲ್ಲಿ ತೋಟದ ಕೆಲಸಕ್ಕೆ ಹೋಗುವವರಿಗೆ ನಿಜವಾದ ತೊಡಕು ಗಾಯ ಒದ್ದೆಯಾಗುವುದು. ಸಕಲೇಶಪುರ, ಮೂಡಿಗೆರೆಯ ಜೂನ್–ಆಗಸ್ಟ್ ಮಳೆಯಲ್ಲಿ ಅದನ್ನು ಒಣಗಿಸಿ ಇಟ್ಟುಕೊಳ್ಳುವುದು ಕಷ್ಟ, ಆದ್ದರಿಂದ ಎರಡು ಮೂರು ದಿನ ರಜೆ ಹಾಕಿ, ಆ ಕೈಯಲ್ಲಿ ಭಾರ ಎತ್ತದೆ ಇರುವುದು ಒಳ್ಳೆಯದು. ಕೆಂಪಗಾಗಿ, ಬಿಸಿಯಾಗಿ, ಕೀವು ಬಂದರೆ ಕಾಯದೆ ತೋರಿಸಬೇಕು.

ಮುಟ್ಟಿನ ಮಾತು

ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟೆರಾನ್ ಅದನ್ನು ಹದವಾಗಿ ಹಿಡಿದಿಡುತ್ತದೆ. ತಿಂಗಳ ಕೊನೆಗೆ ಎರಡೂ ಇಳಿದಾಗ ಪದರ ಒಟ್ಟಿಗೇ ಕಳಚಿ ಮುಟ್ಟಾಗುತ್ತದೆ. ಇಂಪ್ಲಾಂಟ್ ಇದ್ದಾಗ ಪ್ರೊಜೆಸ್ಟೆರಾನ್ ಜಾತಿಯ ಹಾರ್ಮೋನ್ ದಿನವೂ ಒಂದೇ ಸಮ ಇರುವುದರಿಂದ ಆ ಏರಿಳಿತ ಇಲ್ಲ. ಪದರ ತೆಳುವಾಗಿಯೇ ಉಳಿಯುತ್ತದೆ, ಅದರ ಮೇಲ್ಮೈಯ ಸಣ್ಣ ರಕ್ತನಾಳಗಳು ಹಿಗ್ಗಿ ಪೇಲವವಾಗುತ್ತವೆ. ಅವು ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ ಸ್ವಲ್ಪ ಒಡೆದು ಸ್ರಾವ ಕಾಣಿಸಿಕೊಳ್ಳಬಹುದು. ಹಾಗಾಗಿ ಕ್ಯಾಲೆಂಡರ್ ನೋಡಿ ಹೇಳುವ ಹಾಗಿಲ್ಲ.

11 ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ, 90 ದಿನಗಳ ಒಂದೊಂದು ಅವಧಿಯನ್ನು ಘಟಕವಾಗಿಟ್ಟು ಲೆಕ್ಕ ಹಾಕಿದಾಗ ಕಂಡದ್ದು ಇದು. ಸುಮಾರು ಮೂರನೇ ಒಂದರಷ್ಟು ಅವಧಿಗಳಲ್ಲಿ ಸ್ರಾವ ವಿರಳ, ಅಂದರೆ 90 ದಿನದಲ್ಲಿ ಮೂರು ಸಲಕ್ಕಿಂತ ಕಡಿಮೆ. ಶೇ 22ರಲ್ಲಿ ಏನೂ ಇಲ್ಲ. ಶೇ 18ರ ಹತ್ತಿರ ಎಳೆದುಕೊಂಡು ಹೋಗುವ ಸ್ರಾವ, ಒಂದೇ ಸಲಕ್ಕೆ 14 ದಿನ ಮೀರಿದ್ದು. ಪದೇ ಪದೇ ಕಾಣಿಸಿಕೊಳ್ಳುವುದು ಶೇ 7ಕ್ಕಿಂತ ಕಡಿಮೆ. ಸ್ರಾವದ ಕಾರಣಕ್ಕೆ ಕಡ್ಡಿ ತೆಗೆಸಿಕೊಂಡವರು ಶೇ 11ರಷ್ಟು. ಮೊದಲ ಮೂರು ತಿಂಗಳು ಹೇಗಿತ್ತೋ ಅದು ಮುಂದಿನದಕ್ಕೆ ತಕ್ಕಮಟ್ಟಿನ ಸೂಚನೆ: ಆಗ ಕಡಿಮೆ ಇದ್ದವರಿಗೆ ಸಾಮಾನ್ಯವಾಗಿ ಹಾಗೇ ಮುಂದುವರಿಯುತ್ತದೆ, ಆಗ ತೊಂದರೆ ಇದ್ದವರಲ್ಲಿ ಅರ್ಧದಷ್ಟು ಮಂದಿಗೆ ಆಮೇಲೆ ಸುಧಾರಿಸುತ್ತದೆ. ಮುಟ್ಟಿನ ಹೊಟ್ಟೆನೋವು ಇದ್ದವರಲ್ಲಿ ನಾಲ್ಕರಲ್ಲಿ ಮೂವರಿಗೆ ಅದು ಕಡಿಮೆಯಾಯಿತು ಅಥವಾ ಹೋಯಿತು ಎನ್ನುವುದೂ ಅದೇ ಅಧ್ಯಯನಗಳಲ್ಲಿದೆ.

ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ ಎಂದು ಅತ್ತೆ, ಅಜ್ಜಿಯರು ಹೆದರಿಸುವುದುಂಟು. ಕಟ್ಟಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಪದರ ಬೆಳೆದೇ ಇಲ್ಲ, ಹಾಗಾಗಿ ಕಳಚುವುದೂ ಇಲ್ಲ. ಕರ್ನಾಟಕದ ಹೆಂಗಸರಲ್ಲಿ ಶೇ 48ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ 2019–21ರ ಸಮೀಕ್ಷೆ ಹೇಳುತ್ತದೆ. ಒಟ್ಟಾರೆ ಹೋಗುವ ರಕ್ತ ಕಡಿಮೆಯಾಗುವುದು ಅಂಥವರಿಗೆ ಲಾಭವೇ. ಕಾಪರ್ ಟಿಯಲ್ಲಿ ಮುಟ್ಟಿನ ಸ್ರಾವ ಹೆಚ್ಚಾಗುವುದರಿಂದ, ಈಗಾಗಲೇ ಹೆಚ್ಚು ಹೋಗಿ ಸುಸ್ತಾಗುತ್ತಿರುವವರಿಗೆ ಇಂಪ್ಲಾಂಟ್ ಮೇಲು.

ಆದರೆ ಹೋಗುವ ರಕ್ತದ ಪ್ರಮಾಣ ಮಾತ್ರವೇ ಸಮಸ್ಯೆಯಲ್ಲ. ಮುಟ್ಟಾದಾಗ ಹೊರಗೆ ಕೂರುವ, ದೇವರ ಕೋಣೆಗೆ ಹೋಗದ ಪದ್ಧತಿ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಹತ್ತು ಹದಿನೈದು ದಿನ ಕಲೆಯಷ್ಟೇ ಕಾಣಿಸುತ್ತಿದ್ದರೂ ಆ ಮನೆಯ ಹೆಣ್ಣುಮಗಳಿಗೆ ಅದು ದೊಡ್ಡ ಕಷ್ಟ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ತೆರೆಯುತ್ತದೆ. ಆ ದಿನಗಳಲ್ಲಿ ಸ್ರಾವ ಆಗುವುದಿಲ್ಲ ಎಂದು ಯಾರೂ ಮಾತು ಕೊಡಲಾರರು. ಮುಟ್ಟು ಮುಂದೂಡಲು ಮೆಡಿಕಲ್ ಶಾಪ್‌ನಿಂದ ತಂದು ನುಂಗುವ ಮಾತ್ರೆ ತಿಂಗಳ ಲೆಕ್ಕ ಸರಿಯಿರುವವರಿಗೆ ಹೊಂದುವಂಥದ್ದು, ಇಲ್ಲಿ ಅದೇ ಲೆಕ್ಕ ನಡೆಯುವುದಿಲ್ಲ. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಈ ಪ್ರಶ್ನೆ ಕೇಳಿದ ಹೆಣ್ಣುಮಗಳಿಗೆ ಅದೆಲ್ಲ ಮೂಢನಂಬಿಕೆ ಎಂದು ಬಾಯಿ ಮುಚ್ಚಿಸುವುದು ಸಲಹೆಯಲ್ಲ. ಅವಳು ಬದುಕುವ ಮನೆ ಅದು. ಅದನ್ನು ಲೆಕ್ಕಕ್ಕೆ ಹಿಡಿದು ಬೇರೆ ವಿಧಾನ ಆರಿಸಿಕೊಂಡರೆ ಅದೂ ಸರಿಯಾದ ನಿರ್ಧಾರವೇ.

ಸ್ರಾವ ಎಳೆದುಕೊಂಡು ಹೋಗಿ ಬೇಸರವಾದರೆ ಮದ್ದಿದೆ. ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವುದು ಮೆಫೆನಾಮಿಕ್ ಆಸಿಡ್ 500 ಮಿಲಿಗ್ರಾಂ, ಊಟದ ನಂತರ ದಿನಕ್ಕೆ ಮೂರು ಸಲದಂತೆ 5 ದಿನ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಆಗದು. ಇಲ್ಲದಿದ್ದರೆ, ಈಸ್ಟ್ರೋಜನ್ ಸೇರುವ ಮಾತ್ರೆ ತೆಗೆದುಕೊಳ್ಳಬಹುದಾದವರಿಗೆ 21 ದಿನ ಅದನ್ನು ಕೊಡುತ್ತಾರೆ. ಬಿ.ಪಿ. ಹೆಚ್ಚಿರುವವರಿಗೆ ಮತ್ತು ಹಸುಗೂಸಿಗೆ ಹಾಲೂಡಿಸುವವರಿಗೆ ಅದು ಬೇಡ. ಇವು ಆ ಹೊತ್ತಿನ ಸ್ರಾವ ನಿಲ್ಲಿಸುತ್ತವೆ, ಮುಂದೆ ಬಾರದಂತೆ ಮಾಡುವುದಿಲ್ಲ. ಇನ್ನೊಂದು ಮಾತು: ಕೆಲವು ತಿಂಗಳು ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಜೋರಾಗಿ ಹೋಗತೊಡಗಿದರೆ, ಕೂಡಿದ ಮೇಲೆ ರಕ್ತ ಕಂಡರೆ ಕಡ್ಡಿಯದೇ ತಪ್ಪೆಂದು ಸುಮ್ಮನಾಗಬಾರದು. ಸೋಂಕು, ಗಡ್ಡೆ, ಗರ್ಭಕಂಠದ ತೊಂದರೆ, ಬಸಿರು ಎಲ್ಲವನ್ನೂ ನೋಡಬೇಕು.

ಉಳಿದ ಅಡ್ಡಪರಿಣಾಮಗಳು

ತಲೆನೋವು, ಮೊಡವೆ, ಎದೆ ಬಿಗಿತ, ಮನಸ್ಸಿನ ಏರುಪೇರು ಕೆಲವರಿಗೆ ಆಗುತ್ತವೆ. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಗ್ಗುತ್ತವೆ. ಮೊದಲೇ ಮೊಡವೆ ಇದ್ದ ಕೆಲವರಿಗೆ ಅದು ಕಡಿಮೆಯೂ ಆಗುತ್ತದೆ. ತೂಕದ ಬಗ್ಗೆ ಎಲ್ಲರೂ ಕೇಳುತ್ತಾರೆ: ಅಮೆರಿಕದ ಅಧ್ಯಯನಗಳಲ್ಲಿ ಒಂದು ವರ್ಷಕ್ಕೆ ಸರಾಸರಿ 1.3 ಕಿಲೋ, ಎರಡು ವರ್ಷಕ್ಕೆ 1.7 ಕಿಲೋ ಏರಿತ್ತು. ಅದರಲ್ಲಿ ಕಡ್ಡಿಯ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಅಂಡಾಶಯದಲ್ಲಿ ನೀರುಗುಳ್ಳೆ ಕಾಣಿಸಬಹುದು, ಸಾಮಾನ್ಯವಾಗಿ ತಾನೇ ಕರಗುತ್ತದೆ. ಸ್ಕ್ಯಾನ್ ವರದಿ ನೋಡಿ ಆಪರೇಷನ್‌ಗೆ ಓಡಬೇಕಿಲ್ಲ. ಖಿನ್ನತೆ ಮೊದಲಿಂದಲೂ ಇದ್ದವರು ಅದನ್ನು ಹೇಳಿಯೇ ಹಾಕಿಸಿಕೊಳ್ಳಬೇಕು, ಹೆಚ್ಚಾದರೆ ತೆಗೆಸಬೇಕು.

ಅಪರೂಪಕ್ಕೆ ಕಡ್ಡಿ ಇದ್ದೂ ಬಸಿರಾದರೆ ಅದು ಗರ್ಭಕೋಶದ ಬದಲು ಗರ್ಭನಾಳದಲ್ಲಿ ಕಟ್ಟಿರುವ ಸಾಧ್ಯತೆ ಸಾಮಾನ್ಯ ಬಸಿರಿಗಿಂತ ಹೆಚ್ಚು. ಕಿಬ್ಬೊಟ್ಟೆಯ ಒಂದು ಬದಿ ತೀವ್ರ ನೋವು, ತಲೆಸುತ್ತು ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಕಾಲಿನ ಮೀನಖಂಡ ಒಂದೇ ಕಡೆ ಊದಿಕೊಂಡು ನೋವು, ಎದೆನೋವು, ಕಾಮಾಲೆ, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಹೊಸ ಬಗೆಯ ತಲೆನೋವು ಇವುಗಳಿಗೂ ಅದೇ ಮಾತು.

ಯಾರಿಗೆ ಬೇಡ

ಸ್ತನ ಕ್ಯಾನ್ಸರ್ ಇರುವವರಿಗೆ ಖಂಡಿತ ಬೇಡ, ಹಿಂದೆ ಬಂದು ಹೋಗಿದ್ದವರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಕಾರಣ ಗೊತ್ತಾಗದ ರಕ್ತಸ್ರಾವ ಇದ್ದರೆ ಮೊದಲು ಅದರ ತಪಾಸಣೆ. ತೀವ್ರವಾದ ಲಿವರ್ ಕಾಯಿಲೆ, ಲಿವರ್ ಗಡ್ಡೆ, ಈಗಷ್ಟೇ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಇದ್ದವರಿಗೆ ಸಾಮಾನ್ಯವಾಗಿ ಬೇರೆ ವಿಧಾನ ನೋಡುತ್ತಾರೆ. ಸಕ್ಕರೆ ಕಾಯಿಲೆ, ದಪ್ಪ ಮೈ, ಹತೋಟಿಯಲ್ಲಿರುವ ಬಿ.ಪಿ. ಅಡ್ಡಿಯಲ್ಲ.

ಹೆಚ್ಚು ಜನ ಎಡವುವುದು ಔಷಧಗಳ ವಿಷಯದಲ್ಲಿ. ಟಿ.ಬಿ. ಚಿಕಿತ್ಸೆಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಫಿನೊಬಾರ್ಬಿಟಾಲ್, ಕಾರ್ಬಮಜೆಪಿನ್ ಮಾತ್ರೆಗಳು ಲಿವರನ್ನು ಚುರುಕುಗೊಳಿಸಿ ಕಡ್ಡಿಯ ಹಾರ್ಮೋನನ್ನು ಬೇಗ ಒಡೆದುಹಾಕುತ್ತವೆ. ತೋಳಿನಲ್ಲಿ ಕಡ್ಡಿ ಇದ್ದರೂ ರಕ್ಷಣೆ ಇರುವುದಿಲ್ಲ. ಟಿ.ಬಿ. ಮಾತ್ರೆ ಕನಿಷ್ಠ ಆರು ತಿಂಗಳು ನಡೆಯುತ್ತದೆ, ನಿಲ್ಲಿಸಿದ ಮೇಲೂ 4 ವಾರ ಪರಿಣಾಮ ಉಳಿಯುತ್ತದೆ. ಅಂಥವರಿಗೆ ಕಾಪರ್ ಟಿ ಅಥವಾ ಅಂತರಾ ಸರಿ. ಫಿಟ್ಸ್‌ಗೆ ಸೋಡಿಯಂ ವಾಲ್‌ಪ್ರೊಯೇಟ್ ಅಥವಾ ಲೆವೆಟಿರಾಸೆಟಮ್ ತೆಗೆದುಕೊಳ್ಳುವವರಿಗೆ ಈ ತೊಂದರೆ ಇಲ್ಲ. ಟಿ.ಬಿ. ಮಾತ್ರೆ ಕೊಡುವವರಿಗೆ ತೋಳಿನ ಕಡ್ಡಿ ಗೊತ್ತಿರುವುದಿಲ್ಲ, ಕಡ್ಡಿ ಹಾಕಿದವರಿಗೆ ಆಮೇಲೆ ಶುರುವಾದ ಟಿ.ಬಿ. ಗೊತ್ತಿರುವುದಿಲ್ಲ, ಎರಡೂ ಕಡೆ ಹೇಳಬೇಕಾದವರು ನೀವೇ. ಎಚ್‌ಐವಿ, ಲೈಂಗಿಕ ಸೋಂಕುಗಳಿಂದ ಇಂಪ್ಲಾಂಟ್ ಕಾಪಾಡುವುದಿಲ್ಲ, ಅದಕ್ಕೆ ನಿರೋಧ್ ಬೇಕೇ ಬೇಕು.

ತೆಗೆಸುವುದು

ಎಲ್ಲಿ ಹಾಕುತ್ತಾರೆ ಎಂದು ಕೇಳುವವರು ಎಲ್ಲಿ ತೆಗೆಯುತ್ತಾರೆ ಎಂದೂ ಅದೇ ಉಸಿರಿನಲ್ಲಿ ಕೇಳಬೇಕು. ಇದು ಪ್ರತಿ ಪಿಎಚ್‌ಸಿಯಲ್ಲೂ ಸಿಗುವ ಸೇವೆಯಲ್ಲ, ತರಬೇತಿ ಪಡೆದವರೇ ಮಾಡಬೇಕು. ಹಾಸನದ ಹಿಮ್ಸ್ ಬೋಧನಾ ಆಸ್ಪತ್ರೆ, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಮೊದಲು ವಿಚಾರಿಸಿ. ಕಳಸ, ಕೊಪ್ಪದ ಕಡೆಯವರಿಗೆ ಬಂದು ಹೋಗುವುದಕ್ಕೇ ಒಂದು ದಿನದ ಕೂಲಿ ಹೋಗುತ್ತದೆ, ಆಶಾ ಮೂಲಕ ದಿನ ಗೊತ್ತುಮಾಡಿಕೊಂಡು ಹೊರಡುವುದು ವಾಸಿ. ಕೊಯ್ಲಿಗೆಂದು ಬಂದು ಲೈನ್ ಮನೆಗಳಲ್ಲಿ ಉಳಿದು, ಸುಗ್ಗಿ ಮುಗಿದ ಮೇಲೆ ಊರಿಗೆ ಮರಳುವ ಕುಟುಂಬಗಳಿಗೆ ಇದು ಇನ್ನೂ ಮುಖ್ಯ. ಹಾಕಿದ ದಿನಾಂಕ, ಯಾವ ತೋಳು, ತೆಗೆಸಬೇಕಾದ ದಿನಾಂಕ ಬರೆದ ಕಾರ್ಡನ್ನು ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ.

ತೆಗೆಯುವಾಗ ಕಂಕುಳ ಕಡೆಯ ತುದಿಯನ್ನು ಒತ್ತಿದರೆ ಮೊಣಕೈ ಕಡೆಯ ತುದಿ ಉಬ್ಬಿ ಕಾಣುತ್ತದೆ. ಮರಗಟ್ಟಿಸುವ ಮದ್ದನ್ನು ಆ ತುದಿಯ ಕೆಳಗೆ ಕೊಡಬೇಕು. ಮೇಲೆ ಕೊಟ್ಟರೆ ಚರ್ಮ ಊದಿ ಕಡ್ಡಿ ಮರೆಯಾಗುತ್ತದೆ. 2 ಮಿಲಿಮೀಟರ್ ಕೊಯ್ದು ತಳ್ಳಿದರೆ ತುದಿ ಹೊರಬರುತ್ತದೆ, ಚಿಮಟದಲ್ಲಿ ಹಿಡಿದು ಎಳೆಯುತ್ತಾರೆ. ಹೊಲಿಗೆ ಬೇಕಿಲ್ಲ. ಹೊರಬಂದ ಕಡ್ಡಿ ಪೂರ್ತಿ 4 ಸೆಂಟಿಮೀಟರ್ ಇದೆಯೇ ಎಂದು ಅಳೆದು ತೋರಿಸಲಿ. ಕಡ್ಡಿ ಬೆರಳಿಗೆ ಸಿಗದಿದ್ದರೆ ಅಂದಾಜಿನ ಮೇಲೆ ಕೊಯ್ಯಲು ಯಾರಿಗೂ ಬಿಡಬೇಡಿ. ಎಕ್ಸ್‌ರೇ, ಅಲ್ಟ್ರಾಸೌಂಡ್‌ನಲ್ಲಿ ಜಾಗ ಗುರುತಿಸಿ, ಆಳದ ಕಡ್ಡಿ ತೆಗೆದು ಅನುಭವವಿರುವ ಸರ್ಜನ್ ಬಳಿಯೇ ಹೋಗಬೇಕು. ರಕ್ತನಾಳದೊಳಗೆ ಸೇರಿದ ಕಡ್ಡಿ ಶ್ವಾಸಕೋಶದ ರಕ್ತನಾಳದವರೆಗೆ ಹೋದ ಪ್ರಕರಣಗಳು ಜಗತ್ತಿನಲ್ಲಿ ತೀರಾ ಅಪರೂಪಕ್ಕೆ ವರದಿಯಾಗಿವೆ. ತೋಳಿನ ಎಕ್ಸ್‌ರೇಯಲ್ಲಿ ಕಾಣದಿದ್ದರೆ ಎದೆಯ ಎಕ್ಸ್‌ರೇ ತೆಗೆಯುವುದು ಅದಕ್ಕೇ.

ಮೂರು ವರ್ಷ ತುಂಬಲಿ ಎಂದು ಯಾರೂ ಒತ್ತಾಯಿಸುವಂತಿಲ್ಲ. ಆರು ತಿಂಗಳಿಗೇ ಬೇಡವೆನಿಸಿದರೂ ತೆಗೆಸಿಕೊಳ್ಳುವುದು ನಿಮ್ಮ ಹಕ್ಕು, ಕಾರಣ ಕೊಡಬೇಕಾಗಿಯೂ ಇಲ್ಲ. ತೆಗೆದ ಒಂದು ವಾರದೊಳಗೆ ಹಾರ್ಮೋನ್ ರಕ್ತದಿಂದ ಹೋಗುತ್ತದೆ, ಹೆಚ್ಚಿನವರಲ್ಲಿ ಮೂರು ನಾಲ್ಕು ವಾರದಲ್ಲಿ ಮತ್ತೆ ಅಂಡ ಬಿಡುಗಡೆ ಶುರುವಾಗುತ್ತದೆ. ಅಂತರಾ ನಿಲ್ಲಿಸಿದವರಿಗೆ ಇದಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು. ತೆಗೆದ ಎರಡೇ ವಾರದಲ್ಲಿ ಬಸಿರಾದವರೂ ಇದ್ದಾರೆ. ಇನ್ನೂ ಮಗು ಬೇಡವೆಂದರೆ ಅದೇ ಕೊಯ್ತದ ಮೂಲಕ ಅಂದೇ ಹೊಸ ಕಡ್ಡಿ ಹಾಕಿಸಬಹುದು, ಇಲ್ಲವೇ ಅಂದಿನಿಂದಲೇ ಬೇರೆ ವಿಧಾನ ಶುರು ಮಾಡಬೇಕು.